ನೋಡಲು ಬಂದವರು

2001ರ ಆಗಸ್ಟ್ 6, ಬೆಳಗಿನ ಜಾವ ಸುಮಾರು ಐದು ಗಂಟೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಗರಿ ಹೊದಿಸಿದ ಚಪ್ಪರವೊಂದಕ್ಕೆ ಬೆಂಕಿ ಹತ್ತಿತು. ಒಳಗೆ ನಲವತ್ತಕ್ಕೂ ಹೆಚ್ಚು ಮಂದಿ ಮಲಗಿದ್ದರು. ಎಲ್ಲರೂ ಮಾನಸಿಕ ಕಾಯಿಲೆಯವರು. ಹೆಚ್ಚಿನವರನ್ನು ಸರಪಳಿಯಿಂದ ಕಟ್ಟಿಹಾಕಿದ್ದರು. ಸರಪಳಿ ಕೊಂಚ ಸಡಿಲವಿದ್ದವರು ಹೇಗೋ ಬಿಡಿಸಿಕೊಂಡು ಹೊರಗೆ ಬಂದರು. ಉಳಿದವರಿಗೆ ಆಗಲಿಲ್ಲ. ಗುರುತು ಹಿಡಿಯಲೂ ಆಗದಷ್ಟು ಸುಟ್ಟುಹೋದ ದೇಹಗಳನ್ನು ಹೊರತೆಗೆದಾಗ ಸಿಕ್ಕ ಲೆಕ್ಕ 25. ಗಾಯಗೊಂಡವರಲ್ಲಿ ಮೂವರು ಆಮೇಲೆ ತೀರಿಕೊಂಡರು. ಒಟ್ಟು 28.

ಪತ್ರಿಕೆಯ ವರದಿ ನೋಡಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆ ಪ್ರಕರಣದ ಹೆಸರನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: 'ತಮಿಳುನಾಡಿನ ಆಶ್ರಯಧಾಮದ ಬೆಂಕಿಯಲ್ಲಿ ಸರಪಳಿ ಹಾಕಿದ್ದ 25 ನಿವಾಸಿಗಳ ಸಾವಿನ ಕುರಿತು'. ಆಮೇಲೆ ಸತ್ತ ಮೂವರು ಇಂದಿಗೂ ಆ ಶೀರ್ಷಿಕೆಯ ಹೊರಗೇ ಇದ್ದಾರೆ.

ಬೆಂಕಿ ಹೇಗೆ ಹತ್ತಿತು, ಯಾರಿಗೆ ಶಿಕ್ಷೆಯಾಯಿತು ಎಂಬುದೆಲ್ಲ ದಾಖಲಾಗಿದೆ. ಈ ಪ್ರಬಂಧದ ಪ್ರಶ್ನೆ ಅದಕ್ಕಿಂತ ಹಿಂದಿನದು. ಆ ಬೆಳಗಿನ ಮೊದಲು ಆ ಚಪ್ಪರದೊಳಗೆ ಹೋಗಿ ನೋಡಬೇಕಾದವರು ಯಾರು? 'ಇವರನ್ನು ಏಕೆ ಕಟ್ಟಿದ್ದೀರಿ, ಬಿಚ್ಚಿ' ಎಂದು ಹೇಳುವ ಅಧಿಕಾರ ಯಾರಿಗಿತ್ತು? ಕಾನೂನಿನಲ್ಲಿ ಅಂಥವರಿಗೆ ಒಂದು ಹೆಸರಿತ್ತು: ವಿಸಿಟರ್. ನೋಡಲು ಬರುವವರು. ಈ ಪುಟ್ಟ ಪದದ ಚರಿತ್ರೆ ಹಿಡಿದು ಹೊರಟರೆ, ಆರೈಕೆಯ ಮನೆಗಳಲ್ಲಿ ನಡೆಯುವ ಹಿಂಸೆಗೆ ಸಮಾಜ ಕಂಡುಕೊಂಡ ಒಂದು ಬಹಳ ಹಳೆಯ ಮದ್ದು ಸಿಗುತ್ತದೆ. ಅದು ಪದೇಪದೇ ಕೈತಪ್ಪಿದ ಕತೆಯೂ ಸಿಗುತ್ತದೆ.

ಗುಟ್ಟಾಗಿರಲಿಲ್ಲ

ಏರ್ವಾಡಿ ಹೆಸರುವಾಸಿಯಾದದ್ದು ಅಲ್ಲಿನ ದರ್ಗಾದಿಂದ. ಮನಸ್ಸಿನ ಕಾಯಿಲೆ ಅಲ್ಲಿ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲ ಮತದ ಕುಟುಂಬಗಳೂ ದೂರದೂರದಿಂದ ಅಲ್ಲಿಗೆ ಬರುತ್ತಿದ್ದವು. ದರ್ಗಾದ ತೀರ್ಥ, ದೀಪದ ಎಣ್ಣೆ, ಕನಸಿನಲ್ಲಿ ಬರುವ ಅಪ್ಪಣೆ, ಇವು ಅಲ್ಲಿನ ಚಿಕಿತ್ಸೆ. ಕನಸು ಬೀಳಲು ವಾರವೂ ಆಗಬಹುದು, ವರ್ಷವೂ ಆಗಬಹುದು. ಅಷ್ಟು ದಿನ ಕೆಲಸ ಬಿಟ್ಟು ಊರು ಬಿಟ್ಟು ಇರಲಾಗದ ಕುಟುಂಬಗಳು ರೋಗಿಯನ್ನು ದರ್ಗಾದ ಸುತ್ತಮುತ್ತ ಹುಟ್ಟಿಕೊಂಡ ಖಾಸಗಿ 'ಮೆಂಟಲ್ ಹೋಮ್'ಗಳಿಗೆ ಒಪ್ಪಿಸಿ, ತಿಂಗಳಿಗಿಷ್ಟು ಎಂದು ಹಣ ಕಟ್ಟಿ ಹಿಂದಿರುಗುತ್ತಿದ್ದವು. ಈ ಮನೆಗಳನ್ನು ನಡೆಸುತ್ತಿದ್ದವರು ವೈದ್ಯರಲ್ಲ. ಬೆಂಕಿ ಬಿದ್ದ ಮೊಯಿದೀನ್ ಬಾದುಷಾ ಮೆಂಟಲ್ ಹೋಮ್ ಅಂಥವುಗಳಲ್ಲಿ ಒಂದು.

ಆ ಕುಟುಂಬಗಳನ್ನು ಬೈಯುವುದು ಸುಲಭ. ಆದರೆ ಹತ್ತಿರದಲ್ಲಿ ಬೇರೆ ಯಾವ ಬಾಗಿಲು ತೆರೆದಿತ್ತು? ಸರ್ಕಾರಿ ಮಾನಸಿಕ ಆಸ್ಪತ್ರೆಯೆಂದರೆ ಚೆನ್ನೈನ ಕೀಳ್ಪಾಕ್. ಏರ್ವಾಡಿಯಿಂದ ಅದು ಐನೂರು ಕಿಲೋಮೀಟರಿಗೂ ಆಚೆ. ರಾತ್ರಿ ಎದ್ದು ಓಡಿಹೋಗುವ ಮಗನನ್ನು, ತನಗೆ ತಾನೇ ಗಾಯ ಮಾಡಿಕೊಳ್ಳುವ ತಂಗಿಯನ್ನು ಮನೆಯಲ್ಲಿಟ್ಟುಕೊಂಡ ಕೂಲಿ ಕುಟುಂಬಕ್ಕೆ ಸರಪಳಿ ಒಂದು ಕ್ರೌರ್ಯವಾಗಿ ಕಾಣಲಿಲ್ಲ. ಜೀವ ಉಳಿಸುವ ಉಪಾಯವಾಗಿ ಕಂಡಿತು.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಏರ್ವಾಡಿಯಲ್ಲಿ ಏನೂ ಗುಟ್ಟಾಗಿ ನಡೆಯುತ್ತಿರಲಿಲ್ಲ. ಅದು ಯಾತ್ರಾಸ್ಥಳ. ಸರಪಳಿಯಲ್ಲಿ ಕೂತವರನ್ನು ದಾಟಿಕೊಂಡೇ ಜನ ಓಡಾಡುತ್ತಿದ್ದರು. ಎಲ್ಲರ ಕಣ್ಣಿಗೂ ಬಿದ್ದ ದೃಶ್ಯವದು. ಕಣ್ಣಿಗೆ ಬೀಳುವುದಕ್ಕೂ ಹೋಗಿ ನೋಡುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ತಿಳಿಯಲು ಇನ್ನೂರು ವರ್ಷ ಹಿಂದೆ, ಇಂಗ್ಲೆಂಡಿಗೆ ಹೋಗಬೇಕು. ನಮ್ಮ ಕಾನೂನಿನ 'ವಿಸಿಟರ್' ಹುಟ್ಟಿದ್ದು ಅಲ್ಲಿ.

ಕೀಲಿ ಸಿಗದ ಬಾಗಿಲು

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಹುಚ್ಚರನ್ನು ಇಟ್ಟುಕೊಳ್ಳುವುದು ಒಂದು ಖಾಸಗಿ ವ್ಯಾಪಾರವಾಗಿ ಬೆಳೆದಿತ್ತು. 'ಮ್ಯಾಡ್‌ಹೌಸ್' ಎಂದೇ ಹೆಸರು. 1774ರಲ್ಲಿ ಪಾರ್ಲಿಮೆಂಟು ಮೊದಲ ಬಾರಿಗೆ ಒಂದು ಕಾಯ್ದೆ ಮಾಡಿ, ಇಂಥ ಮನೆ ನಡೆಸಲು ಲೈಸೆನ್ಸ್ ಬೇಕು ಎಂದಿತು. ಲಂಡನ್ನಿನಲ್ಲಿ ವೈದ್ಯರ ಕಾಲೇಜು ಆರಿಸಿದ ಐವರು ಕಮಿಷನರುಗಳು ವರ್ಷಕ್ಕೊಮ್ಮೆ ಹೋಗಿ ನೋಡಬೇಕು ಎಂದೂ ವಿಧಿಸಿತು. ತಪ್ಪು ಕಂಡರೆ ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. ದಾನಿಗಳ ಹಣದಿಂದ ನಡೆಯುವ ದೊಡ್ಡ ಅಸೈಲಮ್‌ಗಳು ಈ ಕಾಯ್ದೆಯ ವ್ಯಾಪ್ತಿಗೇ ಬರುತ್ತಿರಲಿಲ್ಲ. ಅಲ್ಲಿ ಆಡಳಿತ ಮಂಡಳಿಯ ಗಣ್ಯರೇ ಎಲ್ಲ.

ಯಾರ್ಕ್ ನಗರದ ಅಸೈಲಮ್ ಅಂಥದ್ದು. ಹೊರಗಿನಿಂದ ಸುಂದರ ಕಟ್ಟಡ, ಆಡಳಿತ ಮಂಡಳಿಯಲ್ಲಿ ದೊಡ್ಡ ದೊಡ್ಡ ಹೆಸರುಗಳು. 1813ರಲ್ಲಿ ಗಾಡ್‌ಫ್ರೀ ಹಿಗಿನ್ಸ್ ಎಂಬ ಮ್ಯಾಜಿಸ್ಟ್ರೇಟ್, ತಾನೇ ಅಲ್ಲಿಗೆ ಕಳಿಸಿದ್ದ ಒಬ್ಬ ರೋಗಿಗೆ ಹೊಡೆತ ಬಿದ್ದಿದೆ ಎಂಬ ದೂರು ಹಿಡಿದು ಹೊರಟ. ಆಡಳಿತ ಮಂಡಳಿ ವಿಚಾರಣೆ ನಡೆಸಿ ಎಲ್ಲ ಸರಿಯಾಗಿದೆ ಎಂದಿತು. ಹಿಗಿನ್ಸ್ ನಿಯಮಗಳನ್ನು ಓದಿ ನೋಡಿದ. 20 ಪೌಂಡ್ ದೇಣಿಗೆ ಕೊಟ್ಟ ಯಾರೇ ಆಗಲಿ ಮಂಡಳಿಯ ಸದಸ್ಯರಾಗಬಹುದಿತ್ತು. ಅವನೂ ಅವನ ಕಡೆಯವರೂ ದುಡ್ಡು ಕಟ್ಟಿ ಸದಸ್ಯರಾದರು. ಆ ಡಿಸೆಂಬರಿನ ಕೊನೆಯಲ್ಲಿ ಅಸೈಲಮ್ಮಿನ ಒಂದು ಭಾಗಕ್ಕೆ ಬೆಂಕಿ ಬಿದ್ದು ರೋಗಿಗಳು ಸತ್ತರು, ದಾಖಲೆ ಪತ್ರಗಳೂ ಸುಟ್ಟುಹೋದವು.

1814ರ ಮಾರ್ಚ್‌ನಲ್ಲಿ ಒಂದು ಬೆಳಗ್ಗೆ ಹಿಗಿನ್ಸ್ ಹೇಳದೆ ಕೇಳದೆ ಅಲ್ಲಿಗೆ ಹೋದ. ಒಂದೊಂದೇ ಬಾಗಿಲು ತೆರೆಸುತ್ತ ಬಂದವನಿಗೆ ಅಡುಗೆಮನೆಯ ಕಡೆ ಇನ್ನೊಂದು ಬಾಗಿಲಿನ ಮರೆಯಲ್ಲಿ ಅವಿತಂತಿದ್ದ ಒಂದು ಬಾಗಿಲು ಕಂಡಿತು. ತೆಗೆಯಿರಿ ಎಂದ. ಅದು ಹೆಂಗಸರ ಕಡೆಯದು, ಕೀಲಿ ನಮ್ಮಲ್ಲಿಲ್ಲ ಎಂದರು. ತರಿಸಿ ಎಂದ. ಕೀಲಿ ಎಲ್ಲೋ ಕಳೆದಿದೆ ಎಂದರು. ಹಿಗಿನ್ಸ್‌ಗೆ ಸಿಟ್ಟು ಬಂತು. ಅಡುಗೆಮನೆಯ ಒಲೆಯ ಪಕ್ಕ ಕೆಂಡ ಕೆದಕುವ ಕಬ್ಬಿಣದ ಸಲಾಕೆ ಇರುತ್ತದಲ್ಲ, ಅದೇ ನನ್ನ ಕೀಲಿ ಎಂದ. ಕೂಡಲೇ ನಿಜವಾದ ಕೀಲಿ ಬಂತು. ಒಳಗೆ ಸುಮಾರು ಎಂಟಡಿ ಚೌಕದ, ಮಲಮೂತ್ರ ತುಂಬಿದ ನಾಲ್ಕು ಕೋಣೆಗಳಿದ್ದವು. ರಾತ್ರಿ ಅಲ್ಲಿ ಮಲಗುತ್ತಿದ್ದವರು ಎಲ್ಲಿ ಎಂದು ಕೇಳಿದಾಗ ಮೇಲಿನ ಒಂದು ಚಿಕ್ಕ ಕೋಣೆ ತೋರಿಸಿದರು. ಹನ್ನೆರಡಡಿ ಉದ್ದ, ಎಂಟಡಿಗೂ ಕಡಿಮೆ ಅಗಲ. ಅದರಲ್ಲಿ ಹದಿಮೂರು ಹೆಂಗಸರಿದ್ದರು.

ಅದೇ ವರ್ಷ ಲಂಡನ್ನಿನ ಬೆಥ್ಲೆಮ್ ಆಸ್ಪತ್ರೆಗೆ ಎಡ್ವರ್ಡ್ ವೇಕ್‌ಫೀಲ್ಡ್ ಮತ್ತು ಜೊತೆಗಾರರು ಹೋದಾಗ, ಕುತ್ತಿಗೆಗೆ ಕಬ್ಬಿಣದ ಪಟ್ಟಿ ಹಾಕಿ ಕಂಬಕ್ಕೆ ಬಿಗಿದಿಟ್ಟಿದ್ದ ಜೇಮ್ಸ್ ನಾರಿಸ್ ಎಂಬಾತ ಸಿಕ್ಕ. ಹಲವು ವರ್ಷಗಳಿಂದ ಅವನು ಹಾಗೇ ಇದ್ದ. ವಿಚಿತ್ರವೆಂದರೆ ಬೆಥ್ಲೆಮ್ ಜನ ಕಾಣದ ಜಾಗವೇನಲ್ಲ. ಹದಿನೆಂಟನೇ ಶತಮಾನದ ಬಹುಪಾಲು ಲಂಡನ್ನಿನ ಜನ ಅಲ್ಲಿಗೆ ಹುಚ್ಚರನ್ನು ನೋಡಲು ಮನರಂಜನೆಗೆಂದೇ ಹೋಗುತ್ತಿದ್ದರು. ಅವರೂ ನೋಡಿದವರೇ. ಹಿಗಿನ್ಸ್ ಮತ್ತು ವೇಕ್‌ಫೀಲ್ಡ್ ಬೇರೆಯಾದದ್ದು ಮೂರು ಕಾರಣಕ್ಕೆ. ಅವರು ಮೊದಲೇ ತಿಳಿಸಿ ಸಮಯ ಗೊತ್ತುಮಾಡಿಕೊಂಡು ಹೋಗಲಿಲ್ಲ, ತೋರಿಸಿದ್ದನ್ನಷ್ಟೇ ನೋಡಿ ಬರಲಿಲ್ಲ, ಕಂಡದ್ದನ್ನು ಬರೆದು 1815ರ ಪಾರ್ಲಿಮೆಂಟ್ ಸಮಿತಿಯ ಮುಂದಿಟ್ಟರು. ವಿಸಿಟರ್ ಎಂಬ ಪದ ಮುಂದೆ ಕಾನೂನಿನಲ್ಲಿ ಗಟ್ಟಿಯಾಗಿ ಕೂತದ್ದು ಇಂಥ ಭೇಟಿಗಳಿಂದ.

ಜೈಲಿನ ಮುಖ್ಯಸ್ಥನೇ ವಿಸಿಟರ್

ಈ ಪದ ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1912ರ ಭಾರತೀಯ ಲೂನಸಿ ಕಾಯ್ದೆಯ ಪ್ರಕಾರ ಪ್ರತಿಯೊಂದು ಅಸೈಲಮ್‌ಗೂ ಕನಿಷ್ಠ ಮೂವರು ವಿಸಿಟರ್‌ಗಳು. ಅವರಲ್ಲಿ ಒಬ್ಬರಾದರೂ ವೈದ್ಯಾಧಿಕಾರಿ. ತಿಂಗಳಿಗೊಮ್ಮೆಯಾದರೂ ಇಬ್ಬರು ಒಟ್ಟಿಗೆ ಹೋಗಿ ಅಸೈಲಮ್ಮಿನ ಪ್ರತಿಯೊಂದು ಭಾಗವನ್ನೂ ನೋಡಬೇಕು. 'ಪ್ರತಿಯೊಂದು ಭಾಗ' ಎಂಬ ಮಾತಿನ ಹಿಂದೆ ಯಾರ್ಕಿನ ಆ ಬಾಗಿಲಿದೆ ಎನಿಸುತ್ತದೆ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ. ಪ್ರಾಂತ್ಯದ ಜೈಲುಗಳ ಇನ್‌ಸ್ಪೆಕ್ಟರ್ ಜನರಲ್ ತನ್ನ ಹುದ್ದೆಯ ಬಲದಿಂದಲೇ ಎಲ್ಲ ಅಸೈಲಮ್‌ಗಳಿಗೂ ವಿಸಿಟರ್. ಜೈಲನ್ನು ಅಳೆಯುವ ಕಣ್ಣಿನಿಂದಲೇ ಆಸ್ಪತ್ರೆಯನ್ನೂ ಅಳೆಯುವ ಏರ್ಪಾಡು. ಬೀಗ ಭದ್ರವಾಗಿದೆಯೇ, ತಲೆಲೆಕ್ಕ ಸರಿಯಿದೆಯೇ ಎಂದು ನೋಡುವ ಅಭ್ಯಾಸದವನು ಒಳಗಿರುವವರ ದುಃಖ ಕೇಳಬೇಕಿತ್ತು.

ಹೆಸರುಗಳು ಬದಲಾದವು. 1920ರ ಹೊತ್ತಿಗೆ ಬ್ರಿಟಿಷ್ ಇಂಡಿಯಾದ 'ಲೂನಾಟಿಕ್ ಅಸೈಲಮ್'ಗಳು 'ಮೆಂಟಲ್ ಹಾಸ್ಪಿಟಲ್'ಗಳಾದವು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಅಸೈಲಮ್ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು. ಮುಂದೆ 1974ರಲ್ಲಿ ನಿಮ್ಹಾನ್ಸ್ ಆದದ್ದು ಇದೇ. ಹೆಸರು ಬದಲಾದರೂ ಗೋಡೆ ಬದಲಾಗಲಿಲ್ಲ. ಸ್ವಾತಂತ್ರ್ಯದ ಮುನ್ನಾದಿನಗಳಲ್ಲಿ ಭೋರ್ ಸಮಿತಿಗಾಗಿ ದೇಶದ ಮಾನಸಿಕ ಆಸ್ಪತ್ರೆಗಳನ್ನು ಸುತ್ತಿದ ಕರ್ನಲ್ ಮೂರ್ ಟೇಲರ್, ಅವು ಗುಣಪಡಿಸಲು ಕಟ್ಟಿದವಲ್ಲ, ಹಿಡಿದಿಡಲು ಕಟ್ಟಿದವು ಎಂದು ಬರೆದ. ಜೈಲಿನ ವಾಸನೆ ಹೊಡೆಯುವ ಅತಿ ಕೆಟ್ಟ ಆಸ್ಪತ್ರೆಗಳ ಪಟ್ಟಿಯಲ್ಲಿ ಆಗ್ರಾ, ನಾಗಪುರಗಳ ಜೊತೆಗೆ ಮುಂಬಯಿ ಮಗ್ಗುಲಿನ ಠಾಣೆಯೂ ಇತ್ತು. ಆಗ ಇಡೀ ದೇಶಕ್ಕೆ ಇದ್ದದ್ದು 19 ಮಾನಸಿಕ ಆಸ್ಪತ್ರೆಗಳು, ಸುಮಾರು ಹತ್ತು ಸಾವಿರ ಹಾಸಿಗೆಗಳು.

ಗೋಡೆಯನ್ನು ನಿಜವಾಗಿ ಒಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರೂ ಬಂದಿರಿ ಎಂದರು. ಕಾಯಿಲೆ ಏನೆಂದು ಮನೆಯವರಿಗೆ ಅರ್ಥವಾಯಿತು, ರೋಗಿಗಳು ಬೇಗ ಮನೆಗೆ ಹಿಂದಿರುಗಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇದೇ ದಾರಿ ಹಿಡಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕುಟುಂಬ ಜೊತೆಗಿರುವ ವಾರ್ಡು ಬಂತು. ಇದಕ್ಕೆ ಕಾಯ್ದೆಯ ಒತ್ತಾಯವಿರಲಿಲ್ಲ. ಪಕ್ಕದ ಹಾಸಿಗೆಯವನ ಅಮ್ಮ ನೋಡುತ್ತಿರುವಾಗ ಇನ್ನೊಬ್ಬನ ಮೇಲೆ ಕೈಯೆತ್ತುವುದು ಕಷ್ಟ, ಅಷ್ಟೇ ಸರಳ.

ಕಾಗದದಲ್ಲಿ ಇಲ್ಲದ ಮನೆ

1912ರ ಕಾಯ್ದೆಯ ಜಾಗಕ್ಕೆ 1987ರ ಮಾನಸಿಕ ಆರೋಗ್ಯ ಕಾಯ್ದೆ ಬಂತು. ಜಾರಿಯಾದದ್ದು 1993ರ ಏಪ್ರಿಲ್‌ನಲ್ಲಿ. ಇದು ವಿಸಿಟರ್‌ಗಳನ್ನು ಮೂರರಿಂದ ಐದಕ್ಕೆ ಏರಿಸಿತು. ಅವರಲ್ಲಿ ಒಬ್ಬರು ವೈದ್ಯಾಧಿಕಾರಿ, ಸಾಧ್ಯವಾದರೆ ಮನೋವೈದ್ಯರು. ಇಬ್ಬರು ಸಮಾಜ ಕಾರ್ಯಕರ್ತರು. ತಿಂಗಳಿಗೊಮ್ಮೆ ಕನಿಷ್ಠ ಮೂವರು ಜೊತೆಯಾಗಿ ಬಂದು ಎಲ್ಲ ಭಾಗ ನೋಡಿ, ರೋಗಿಗಳನ್ನು ಮಾತಾಡಿಸಿ, ಪುಸ್ತಕದಲ್ಲಿ ಬರೆದಿಡಬೇಕು. ಖಾಸಗಿ ಮನೋವೈದ್ಯಕೀಯ ನರ್ಸಿಂಗ್ ಹೋಮ್‌ಗಳಿಗೆ ಲೈಸೆನ್ಸ್ ಕಡ್ಡಾಯ, ಅಲ್ಲಿಗೂ ವಿಸಿಟರ್‌ಗಳು.

ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ಆದರೆ ಏರ್ವಾಡಿಯ ಚಪ್ಪರಗಳಿಗೆ ಲೈಸೆನ್ಸೇ ಇರಲಿಲ್ಲ. ಲೈಸೆನ್ಸ್ ಇಲ್ಲದ ಮನೆ ಕಾನೂನಿನ ಕಣ್ಣಿಗೆ ನರ್ಸಿಂಗ್ ಹೋಮ್ ಅಲ್ಲ. ನರ್ಸಿಂಗ್ ಹೋಮ್ ಅಲ್ಲದ ಮೇಲೆ ಅದಕ್ಕೆ ವಿಸಿಟರ್‌ಗಳೂ ಇಲ್ಲ. ಹೀಗೆ ಯಾರಿಗೆ ನೋಡುವ ಕಣ್ಣು ಅತ್ಯಂತ ಅಗತ್ಯವಿತ್ತೋ ಅವರ ಬಳಿಗೆ ಹೋಗುವುದು ಯಾರ ಕರ್ತವ್ಯವೂ ಆಗಿರಲಿಲ್ಲ.

ಲೈಸೆನ್ಸ್ ಬೇಕಿಲ್ಲದ ಸರ್ಕಾರಿ ಆಸ್ಪತ್ರೆಗಳ ಸ್ಥಿತಿ ಹೇಗಿತ್ತು? ಅದನ್ನು ತಿಳಿಯಲು ನ್ಯಾಯಾಲಯವೇ ನೋಡುವವರನ್ನು ಕಳಿಸಬೇಕಾಯಿತು. 1981ರಲ್ಲಿ ಉಪೇಂದ್ರ ಬಕ್ಷಿ ಮತ್ತು ಲೋತಿಕಾ ಸರ್ಕಾರ್ ಎಂಬ ಇಬ್ಬರು ಕಾನೂನು ಪ್ರಾಧ್ಯಾಪಕರು ಆಗ್ರಾದ ಮಹಿಳಾ ರಕ್ಷಣಾ ಗೃಹದ ಬಗ್ಗೆ ಸುಪ್ರೀಂ ಕೋರ್ಟ್‌ಗೆ ಒಂದು ಪತ್ರ ಬರೆದರು. ಕೋರ್ಟು ಅದನ್ನೇ ಅರ್ಜಿಯೆಂದು ಸ್ವೀಕರಿಸಿತು. ಪತ್ರಕರ್ತೆ ಶೀಲಾ ಬರ್ಸೆ ನಡೆಸಿದ ಪ್ರಕರಣದಲ್ಲಿ, ಯಾವ ಅಪರಾಧವನ್ನೂ ಮಾಡದ ಮಾನಸಿಕ ರೋಗಿಗಳನ್ನು ಪಶ್ಚಿಮ ಬಂಗಾಳದಲ್ಲಿ ಜೈಲಿನಲ್ಲಿಡುತ್ತಿದ್ದುದು ಸಂವಿಧಾನಬಾಹಿರ ಎಂದು 1993ರಲ್ಲಿ ತೀರ್ಪಾಯಿತು. 1997ರಲ್ಲಿ ರಾಂಚಿ, ಆಗ್ರಾ, ಗ್ವಾಲಿಯರ್ ಆಸ್ಪತ್ರೆಗಳ ಮೇಲುಸ್ತುವಾರಿಯನ್ನು ಕೋರ್ಟು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವಹಿಸಿತು.

ಆಯೋಗ ನೆರವಿಗೆ ಕರೆದದ್ದು ಬೆಂಗಳೂರಿನ ನಿಮ್ಹಾನ್ಸ್ ಅನ್ನು. ಅದರ ನಿರ್ದೇಶಕರಾಗಿದ್ದ ಡಾ. ಎಸ್.ಎಂ. ಚನ್ನಬಸವಣ್ಣ ಮತ್ತು ಜೊತೆಗಾರರು ದೇಶದ 37 ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ಅಧ್ಯಯನ ಮಾಡಿದರು. ವರದಿ ಹೊರಬಂದದ್ದು 1999ರಲ್ಲಿ, ಏರ್ವಾಡಿಗೆ ಎರಡು ವರ್ಷ ಮೊದಲು. ನೂರಕ್ಕೆ 38 ಆಸ್ಪತ್ರೆಗಳು ಕಟ್ಟಿದಾಗಿನ ಜೈಲಿನಂಥ ರಚನೆಯನ್ನೇ ಉಳಿಸಿಕೊಂಡಿವೆ ಎಂದು ಅದು ಹೇಳಿತು. ಅನುವಾದ ನನ್ನ ಕಸುಬಾದ್ದರಿಂದ ಆ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಪದಗಳ ಬಗ್ಗೆ ಅದು ಮಾಡಿದ ಟಿಪ್ಪಣಿ. ರೋಗಿಗಳನ್ನು 'ಇನ್‌ಮೇಟ್' ಎನ್ನುತ್ತಾರೆ, ನೋಡಿಕೊಳ್ಳುವವರನ್ನು 'ವಾರ್ಡರ್' ಎನ್ನುತ್ತಾರೆ, ಅವರ ಮೇಲಿನವರನ್ನು 'ಓವರ್‌ಸಿಯರ್' ಎನ್ನುತ್ತಾರೆ ಎಂದು ವರದಿ ಗಮನಿಸಿತ್ತು. ಜೈಲಿನ ಪದಕೋಶ ಎಂಬತ್ತು ವರ್ಷವಾದರೂ ಆಸ್ಪತ್ರೆಯನ್ನು ಬಿಟ್ಟಿರಲಿಲ್ಲ.

ಇಂಗ್ಲಿಷಿನ 'ಇನ್‌ಮೇಟ್' ಹುಟ್ಟಿನಲ್ಲಿ ಕೆಟ್ಟ ಪದವಲ್ಲ. ಒಂದೇ ಮನೆಯಲ್ಲಿ ಜೊತೆಗೆ ವಾಸಿಸುವವ ಎಂದು ಅದರ ಹಳೆಯ ಅರ್ಥ. 'ಅಸೈಲಮ್' ಕೂಡ ಯಾರೂ ಬಂದು ಎಳೆದೊಯ್ಯಲಾಗದ ಜಾಗ ಎಂಬ ಗ್ರೀಕ್ ಪದದಿಂದ ಬಂದದ್ದು. ತಮಿಳಿನಲ್ಲಿ ಏರ್ವಾಡಿಯಂಥ ಮನೆಗಳಿಗೆ 'ಕಾಪ್ಪಗಂ' ಎನ್ನುತ್ತಾರೆ. ನಮ್ಮ ಕಾಪಾಡು, ಕಾಪು, ಕಾವಲುಗಳ ಒಡಹುಟ್ಟು ಅದು. ಕನ್ನಡದ 'ಕಾಯು' ಎಂಬ ಕ್ರಿಯಾಪದಕ್ಕೆ ಎರಡು ಅರ್ಥ: ರಕ್ಷಿಸು, ಮತ್ತು ದಾರಿ ನೋಡು. ಇಂಥ ಮನೆಗಳಲ್ಲಿ ಒಬ್ಬರು ಕಾಯುತ್ತಾರೆ, ಇನ್ನೊಬ್ಬರೂ ಕಾಯುತ್ತಾರೆ. ಬರಬೇಕಾದವರು ಬರದೇ ಹೋದಾಗ ಮೊದಲಿನ ಕಾಯುವಿಕೆ ನಿಧಾನವಾಗಿ ಬೇರೆಯೇ ಆಗಿಬಿಡುತ್ತದೆ.

ಬೆಂಕಿಯ ನಂತರ

ಏರ್ವಾಡಿಯ ಬೆಂಕಿ ಬಿದ್ದ ಒಂದೇ ವಾರಕ್ಕೆ, 2001ರ ಆಗಸ್ಟ್ 13ರಂದು ಅಲ್ಲಿನ ಅಂಥ ಎಲ್ಲ ಮನೆಗಳನ್ನೂ ಮುಚ್ಚಲಾಯಿತು. ಐನೂರಕ್ಕೂ ಹೆಚ್ಚು ಮಂದಿಯನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಐನೂರು ಜನ ಒಂದು ವಾರದಲ್ಲಿ ಕಂಡರು ಎಂದರೆ, ಅದಕ್ಕೂ ಮೊದಲೇ ಕಾಣಬಹುದಿತ್ತು ಎಂದೇ ಅರ್ಥ. ವಿಚಾರಣಾ ಆಯೋಗ ಕೂತಿತು. ಮನೆ ನಡೆಸುತ್ತಿದ್ದವನಿಗೆ, ಅವನ ಹೆಂಡತಿಗೆ ಮತ್ತು ಇಬ್ಬರು ಸಂಬಂಧಿಕರಿಗೆ 2007ರಲ್ಲಿ ಏಳು ವರ್ಷ ಜೈಲಾಯಿತು.

ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ಆದೇಶಗಳಲ್ಲಿ ಹೆಚ್ಚಿನವು ನಿರೀಕ್ಷಿತವೇ. ಪ್ರತಿ ರಾಜ್ಯವೂ ಜಿಲ್ಲಾವಾರು ಸಮೀಕ್ಷೆ ಮಾಡಿ ನೋಂದಾಯಿತ, ಅನೋಂದಾಯಿತ ಮನೆಗಳನ್ನು ಪಟ್ಟಿ ಮಾಡಬೇಕು. ಅರ್ಹತೆ ನೋಡಿ ಲೈಸೆನ್ಸ್ ಕೊಡಬೇಕು ಅಥವಾ ನಿರಾಕರಿಸಬೇಕು. ರೋಗಿಗಳನ್ನು ಸರಪಳಿಯಲ್ಲಿಡಬಾರದೆಂದು ಜನರಿಗೆ ತಿಳಿಹೇಳಬೇಕು. ಆದರೆ ಅವುಗಳ ನಡುವೆ ಹಳೆಯ ವಿಸಿಟರ್ ಹೊಸ ಉಡುಪಿನಲ್ಲಿ ಬಂದಿದ್ದ. ಪ್ರತಿ ರಾಜ್ಯದ ಕಾನೂನು ನೆರವು ಮಂಡಳಿಯ ಇಬ್ಬರು ಸದಸ್ಯರು ತಿಂಗಳಿಗೊಮ್ಮೆ ಇಂಥ ಸಂಸ್ಥೆಗಳಿಗೆ ಹೋಗಿ, ಗುಣವಾದವರು ಬಿಡುಗಡೆಗೆ ಅರ್ಜಿ ಹಾಕಲು ನೆರವಾಗಬೇಕು. ಜೈಲಿನ ಮುಖ್ಯಸ್ಥ ವಿಸಿಟರ್ ಆಗಿದ್ದ ಕಾಲದಿಂದ ವಕೀಲ ವಿಸಿಟರ್ ಆಗುವ ಕಾಲದವರೆಗೆ ತೊಂಬತ್ತು ವರ್ಷ.

ಏರ್ವಾಡಿಯಲ್ಲಿಯೇ ಆಮೇಲೆ ನಡೆದ ಒಂದು ಒಳ್ಳೆಯ ಕೆಲಸವನ್ನು ಹೇಳದಿದ್ದರೆ ಕತೆ ಅರ್ಧವಾಗುತ್ತದೆ. 'ದವಾ-ದುವಾ' ಎಂಬ ಕಾರ್ಯಕ್ರಮದಲ್ಲಿ ದರ್ಗಾದ ಆವರಣಕ್ಕೇ ಸರ್ಕಾರಿ ಮನೋವೈದ್ಯಕೀಯ ಕ್ಲಿನಿಕ್ ಬಂತು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮೊದಲು ನಡೆದ ಪ್ರಯೋಗ ಅದಕ್ಕೆ ಮಾದರಿ. ಪ್ರಾರ್ಥನೆಯನ್ನು ಯಾರೂ ಬಿಡಬೇಕಾಗಿಲ್ಲ, ಜೊತೆಗೆ ಮಾತ್ರೆಯೂ ಇರಲಿ. ಐನೂರು ಕಿಲೋಮೀಟರ್ ದೂರವಿದ್ದ ವೈದ್ಯರು ಯಾತ್ರಿಕರ ಬಳಿಗೇ ಬಂದರು.

ಬಂದವರೆಲ್ಲ ನೋಡಿದವರಲ್ಲ

ಇಷ್ಟು ಹೇಳಿದ ಮೇಲೆ, ತಿಂಗಳಿಗೊಮ್ಮೆ ಯಾರಾದರೂ ಹೋದರೆ ಸಾಕು ಎಂಬ ತೀರ್ಮಾನಕ್ಕೆ ಬರುವ ಅಪಾಯವಿದೆ. ಅದನ್ನು ಮುರಿಯಲು ಬಿಹಾರದ ಮುಜಫ್ಫರ್‌ಪುರ ಸಾಕು. ಅಲ್ಲಿನ ಬಾಲಿಕಾ ಗೃಹ ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ, ಅಧಿಕಾರಿಗಳು ಬಂದುಹೋಗುತ್ತಿದ್ದ ಮನೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಕೋಶಿಶ್' ತಂಡ ಬಿಹಾರದ 110 ಇಂಥ ಸಂಸ್ಥೆಗಳ ಸಾಮಾಜಿಕ ಲೆಕ್ಕಪರಿಶೋಧನೆ ನಡೆಸಿದಾಗ, ರಿಜಿಸ್ಟರ್ ತಿರುವಿಹಾಕುವುದರ ಜೊತೆಗೆ ಅಲ್ಲಿದ್ದವರ ಜೊತೆ ಕೂತು ಮಾತಾಡಿತು. 2018ರಲ್ಲಿ ಆ ವರದಿಯಿಂದ ಮುಜಫ್ಫರ್‌ಪುರದ 30ಕ್ಕೂ ಹೆಚ್ಚು ಹುಡುಗಿಯರ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಹೊರಬಿತ್ತು. ಆ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವರದಿಯಲ್ಲಿದ್ದ 17 ಮನೆಗಳ ತನಿಖೆಯನ್ನೂ ಸಿಬಿಐಗೆ ಒಪ್ಪಿಸಿತು. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ 19 ಜನರನ್ನು ಅಪರಾಧಿಗಳೆಂದು ಘೋಷಿಸಿತು. ಅವರಲ್ಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮಾಜಿ ಅಧ್ಯಕ್ಷನೂ ಇದ್ದ. ಮಕ್ಕಳ ಪರವಾಗಿ ನೋಡಬೇಕಾದವನೇ ಅವನು.

ಇದಕ್ಕೂ ಮೊದಲು, 2014ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಮಾನಸಿಕ ಮತ್ತು ಬೌದ್ಧಿಕ ಅಸಾಮರ್ಥ್ಯವುಳ್ಳ ಮಹಿಳೆಯರು ಇರುವ 24 ಆಸ್ಪತ್ರೆ, ಆಶ್ರಯಧಾಮಗಳಿಗೆ ಹೋಗಿ ಬಂದು ವರದಿ ಕೊಟ್ಟಿತ್ತು. ಅಧ್ಯಯನ ನಡೆದದ್ದು ದೆಹಲಿ, ಕೋಲ್ಕತ್ತ, ಮುಂಬಯಿ, ಪುಣೆ, ಬೆಂಗಳೂರು ಮತ್ತು ಮೈಸೂರಿನಲ್ಲಿ. ಕಿಕ್ಕಿರಿದ ವಾರ್ಡು, ಕೊಳಕು ಶೌಚಾಲಯ, ಹೊಡೆತ, ಒಪ್ಪಿಗೆಯಿಲ್ಲದ ಚಿಕಿತ್ಸೆ, ಲೈಂಗಿಕ ಹಿಂಸೆ ಎಲ್ಲವೂ ಅದರಲ್ಲಿವೆ. ದಾಖಲಿಸಿದ 128 ಪ್ರಕರಣಗಳಲ್ಲಿ ಒಬ್ಬ ಮಹಿಳೆಗೂ ದೂರು ಕೊಟ್ಟು ಪರಿಹಾರ ಪಡೆಯಲು ಆಗಿರಲಿಲ್ಲ ಎಂಬುದು ಅದರ ಅತ್ಯಂತ ನೋವಿನ ಸಾಲು. ದೂರು ಕೊಡುವ ದಾರಿಯೊಂದಿದೆ ಎಂದೇ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ವಿಸಿಟರ್ ಯಾರವರು?

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮರುವರ್ಷ ಜಾರಿಗೆ ಬಂತು. ಇದು ದೊಡ್ಡ ಹೆಜ್ಜೆ. ಯಾವ ರೀತಿಯಲ್ಲೂ, ಯಾವ ರೂಪದಲ್ಲೂ ಸರಪಳಿ ಹಾಕುವುದನ್ನು ಅದರ 95ನೇ ಸೆಕ್ಷನ್ ನಿಷೇಧಿಸುತ್ತದೆ. ಉತ್ತರ ಪ್ರದೇಶದ ಬದಾಯೂಂನಲ್ಲಿ ಸರಪಳಿ ಹಾಕಿದ ರೋಗಿಗಳ ಪ್ರಕರಣ ಬಂದಾಗ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದೇ ಸೆಕ್ಷನ್ ಎತ್ತಿ ಹೇಳಿತು. ಏರ್ವಾಡಿಯಾಗಿ ಹದಿನೇಳು ವರ್ಷ ಕಳೆದಿದ್ದವು.

ಹೊಸ ಕಾಯ್ದೆಯಲ್ಲಿ ಹಳೆಯ ವಿಸಿಟರ್‌ಗಳು ಇಲ್ಲ. ಅವರ ಜಾಗದಲ್ಲಿ ಮೂರು ವರ್ಷಕ್ಕೊಮ್ಮೆ ಆಡಿಟ್ ಇದೆ, ದೂರು ಬಂದಾಗ ತಪಾಸಣೆ ಇದೆ, ಜಿಲ್ಲೆಗಳಿಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗಳಿವೆ. ಆದರೆ ವಿಸಿಟರ್ ಎಂಬ ಪದ ಪೂರ್ತಿ ಹೋಗಿಲ್ಲ, ಬೇರೆ ಸೆಕ್ಷನ್ನಿಗೆ ಜಾಗ ಬದಲಿಸಿದೆ. ದಾಖಲಾದ ವ್ಯಕ್ತಿಗೆ ತನ್ನನ್ನು ನೋಡಲು ಬಂದವರನ್ನು ಬರಮಾಡಿಕೊಳ್ಳುವ ಅಥವಾ ನಿರಾಕರಿಸುವ ಹಕ್ಕಿದೆ, ಫೋನ್ ಮಾಡುವ ಹಕ್ಕಿದೆ ಎಂದು 26ನೇ ಸೆಕ್ಷನ್ ಹೇಳುತ್ತದೆ. 1912ರಲ್ಲಿ ವಿಸಿಟರ್ ಸರ್ಕಾರದ ಕಡೆಯವನು. ಈಗ ರೋಗಿಯ ಕಡೆಯವನು. ನೂರು ವರ್ಷಗಳಲ್ಲಿ ಒಂದು ಪದ ಮಾಡಿದ ಈ ಪ್ರಯಾಣ ಸಣ್ಣದಲ್ಲ.

ತೊಡಕು ಇರುವುದು ಯಾರೂ ಬರದವರ ವಿಷಯದಲ್ಲಿ. 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಬಗ್ಗೆ 2019ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನದ ಪ್ರಕಾರ, ಅಲ್ಲಿರುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಅಲ್ಲೇ ಇದ್ದಾರೆ. ಗುಣವಾಗಿಯೂ ಕರೆದೊಯ್ಯುವವರಿಲ್ಲದೆ ಉಳಿದವರು ಇಂಥ ಕಡೆಗಳಲ್ಲಿ ಹೊಸಬರಲ್ಲ. ನೋಡಲು ಬರುವವರಿದ್ದರೆ ಭೇಟಿಯ ಹಕ್ಕಿಗೆ ಅರ್ಥವಿದೆ. ಬರುವವರಿಲ್ಲದವರಿಗೆ ತಿಂಗಳಿಗೊಮ್ಮೆ ಕಡ್ಡಾಯವಾಗಿ ಬರಲೇಬೇಕಾಗಿದ್ದ ಆ ಮೂವರು ಅಪರಿಚಿತರೇ ಗತಿಯಾಗಿದ್ದರು. ಅವರು ಎಷ್ಟೋ ಕಡೆ ಸಹಿ ಹಾಕಿ ಚಹಾ ಕುಡಿದು ಹೋದವರೇ ಆಗಿರಬಹುದು. ಆದರೂ ಕಾನೂನಿನಲ್ಲಿ ಅವರಿಗೊಂದು ಜಾಗವಿತ್ತು, ಬರದಿದ್ದರೆ ಕೇಳಬಹುದಿತ್ತು.

ಊರಿನಿಂದ ದೂರ ಇರುವ ನಮ್ಮಂಥವರಿಗೆ ಇದು ಮಾನಸಿಕ ಆಸ್ಪತ್ರೆಗಳ ಮಾತಷ್ಟೇ ಅಲ್ಲ. ನಾವು ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವಾಗ ಅಪ್ಪ ಅಮ್ಮ, ಒಂಟಿಯಾದ ಸೋದರತ್ತೆ, ಮಾತು ಬಾರದ ತಮ್ಮ ಧಾರವಾಡದಲ್ಲೋ ಮೈಸೂರಿನಲ್ಲೋ ಒಂದು ಮನೆಯಲ್ಲಿರುತ್ತಾರೆ. ಹಿರಿಯರಿಗಾಗಿ 2007ರ ಕಾಯ್ದೆಯೊಂದಿದೆ. ಜಿಲ್ಲೆಗೊಂದು, ಕನಿಷ್ಠ 150 ಬಡ ವೃದ್ಧರಿಗಾಗಿ ವೃದ್ಧಾಶ್ರಮವನ್ನು ಸರ್ಕಾರ ಕಟ್ಟಬಹುದು ಎಂದು ಅದು ಹೇಳುತ್ತದೆ. ಖಾಸಗಿ ವೃದ್ಧಾಶ್ರಮದ ಒಳಗೆ ತಿಂಗಳಿಗೊಮ್ಮೆ ಹೋಗಿ ಯಾರು ನೋಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅಂದರೆ ಅಲ್ಲಿ ವಿಸಿಟರ್ ಎಂದರೆ ಸದ್ಯಕ್ಕೆ ನಾವೇ.

ದೂರದಿಂದ ಹೋಗುವವರು ಸಾಮಾನ್ಯವಾಗಿ ಮೊದಲೇ ಫೋನ್ ಮಾಡಿ ಹೋಗುತ್ತೇವೆ. ಹಾಸಿಗೆಯ ಚಾದರ ಬದಲಾಗಿರುತ್ತದೆ, ಅಮ್ಮನಿಗೆ ತಲೆ ಬಾಚಿರುತ್ತಾರೆ, ಆಫೀಸು ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ. ಒಳ್ಳೆಯ ಮನೆಗಳೂ ಹೀಗೆಯೇ ಮಾಡುತ್ತವೆ, ಇದರಲ್ಲಿ ತಪ್ಪು ಹುಡುಕಬೇಕಿಲ್ಲ. ಆದರೆ ಒಮ್ಮೆಯಾದರೂ ಹೇಳದೆ ಹೋಗಬಹುದು, ಊಟದ ಹೊತ್ತಿಗೆ. ಮಲಗುವ ಕೋಣೆ, ಬಚ್ಚಲುಮನೆ, ಹಿಂದಿನ ಬಾಗಿಲು ಎಲ್ಲ ನೋಡಬಹುದು. ಅಲ್ಲಿ ಕೆಲಸ ಮಾಡುವ ಆಯಾಗೆ ರಾತ್ರಿ ಪಾಳಿಯಲ್ಲಿ ಎಷ್ಟು ಜನರನ್ನು ಒಬ್ಬಳೇ ನೋಡಿಕೊಳ್ಳಬೇಕಾಗುತ್ತದೆ, ಸಂಬಳ ಸರಿಯಾಗಿ ಬರುತ್ತಿದೆಯೇ ಎಂದು ಕೇಳಬಹುದು, ಏಕೆಂದರೆ ಹಿಂಸೆ ಎಷ್ಟೋ ಸಲ ಆ ಲೆಕ್ಕದಿಂದಲೇ ಶುರುವಾಗುತ್ತದೆ. ಹೊರಡುವ ಮುಂಚೆ ಪಕ್ಕದ ಹಾಸಿಗೆಯವರ ಹೆಸರನ್ನೂ ಕೇಳಿಕೊಂಡು, ಮುಂದಿನ ಸಲ ಹೋದಾಗ ಅವರನ್ನೂ ಹೆಸರು ಹಿಡಿದು ಮಾತಾಡಿಸಬಹುದು. ಅವರನ್ನು ನೋಡಲು ಬರುವವರು ಬೇರೆ ಯಾರೂ ಇಲ್ಲದಿರಬಹುದು.